ಅಪ್‌ಡೇಟ್: ಅಜ್ಜಿಯ ಹರಿದ ಕೌದಿ ಕೈಹೊಲಿಗೆಯಲ್ಲೇ ಉಳಿಯಿತು
ಅಜ್ಜಿ ಹೊಲಿದ ಹಳೆಯ ಕೌದಿಯಲ್ಲಿ ಕಂದು ತುಂಡುಗಳು ಮಾತ್ರ ಪುಡಿಯಾಗಿ ಉದುರುತ್ತಿವೆ, ಏನು ಮಾಡಲಿ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಇಸ್ತ್ರಿಯಿಂದ ಅಂಟಿಸುವ ಪಟ್ಟಿಯನ್ನು ಒಂದು ಮೂಲೆಯಲ್ಲಿ ಪರೀಕ್ಷಿಸಿದಾಗ ಬಟ್ಟೆ ರಟ್ಟಿನಂತೆ ಬಿರುಸಾಗಿ, ಪಟ್ಟಿಯ ಅಂಚಿನಲ್ಲೇ ಮತ್ತೆ ಸೀಳಿತು. ಫಲಿಸಿದ್ದು, ಹರಿದ ತುಂಡನ್ನು ಕೀಳದೆ ಅದರ ಮೇಲೆ ತೆಳುವಾದ ಹತ್ತಿಯ ಜಾಲರಿ ಬಟ್ಟೆಯನ್ನು ಹೊದಿಸಿ, ಸುತ್ತಲಿನ ಗಟ್ಟಿ ಬಟ್ಟೆಗೆ ಸಣ್ಣ ಹೊಲಿಗೆಗಳಿಂದ ಸೇರಿಸಿರಿ ಎಂಬ ಸಲಹೆ. ಅದನ್ನು ಕೊಟ್ಟವರಿಗೆ ಮನಃಪೂರ್ವಕ ಕೃತಜ್ಞತೆಗಳು. ಗಟ್ಟಿಯಾದ ಪಾಲಿಯೆಸ್ಟರ್ ದಾರ ಹಳೆಯ ಬಟ್ಟೆಯನ್ನು ಕೊಯ್ಯುತ್ತದೆ ಎಂಬ ಎಚ್ಚರಿಕೆಯನ್ನು ಪಾಲಿಸಿ ಹತ್ತಿಯ ದಾರವನ್ನೇ ಬಳಸಿದೆ. ಅಚ್ಚರಿ ತಂದದ್ದು ಆ ಕಂದು ಬಣ್ಣದ ಸಂಗತಿ: ಹಿಂದೆ ಅಂಥ ಬಣ್ಣ ಕಚ್ಚಲು ಬಳಸುತ್ತಿದ್ದ ಕಬ್ಬಿಣದ ಲವಣವೇ ಕಾಲಕ್ರಮೇಣ ನೂಲನ್ನು ತಿಂದುಹಾಕುತ್ತದೆಯಂತೆ, ಪಕ್ಕದ ಕೆಂಪು ತುಂಡು ಇನ್ನೂ ಗಟ್ಟಿಯಾಗಿದೆ. ಅಜ್ಜಿಯ ತುಸು ಓರೆಯಾದ ಹೊಲಿಗೆ ಜಾಲರಿಯ ಅಡಿಯಿಂದ ಈಗಲೂ ಸ್ಪಷ್ಟವಾಗಿ ಕಾಣುತ್ತದೆ.