ಮದ್ರಾಸ್ ಹೈಕೋರ್ಟ್ ಗೋಪುರದ ಮೇಲೆ ದೀಪಸ್ತಂಭವೇಕೆ?

ಕಡಲಂಚು:
ಚೆನ್ನೈನ ಹೈಕೋರ್ಟ್ ಕಟ್ಟಡದ ಎತ್ತರದ ಗೋಪುರವು 1977ರವರೆಗೂ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವಾಗಿತ್ತೆಂದು ತಿಳಿಯಿತು. ಅದೇ ಆವರಣದಲ್ಲಿರುವ ಗ್ರೀಕ್ ಮಾದರಿಯ ಒಂಟಿ ಕಲ್ಲುಕಂಬವೂ ದೀಪಸ್ತಂಭವೇ ಎನ್ನುತ್ತಾರೆ. ಅಕ್ಕಪಕ್ಕದಲ್ಲಿ ಎರಡು ಏಕೆ ಬೇಕಾದವು? ನ್ಯಾಯಾಲಯದ ನೆತ್ತಿಯ ಮೇಲೆ ದೀಪವಿಡುವ ಯೋಚನೆಯಾದರೂ ಹೇಗೆ ಬಂತು?

ಹಳೆನಕಾಶೆ:
ಅವೆರಡೂ ಒಂದೇ ಕಾಲದವಲ್ಲ, ಮೊದಲನೆಯವೂ ಅಲ್ಲ. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ, ಈಗ ವಸ್ತುಸಂಗ್ರಹಾಲಯವಿರುವ ಕಟ್ಟಡದ ತಾರಸಿಯ ಮೇಲೆ, ತೆಂಗಿನೆಣ್ಣೆಯ ದೀಪಗಳನ್ನು ಉರಿಸಲಾರಂಭಿಸಿದರು. ಆಗ ಮದ್ರಾಸಿಗೆ ಕಟ್ಟಿದ ಬಂದರೇ ಇರಲಿಲ್ಲ. ಹಡಗುಗಳು ತೆರೆದ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು, ಜನರೂ ಸರಕೂ ಮಸೂಲಾ ದೋಣಿಗಳಲ್ಲಿ ಅಬ್ಬರದ ಅಲೆಗಳನ್ನು ದಾಟಿ ದಡ ಸೇರಬೇಕಿತ್ತು. ಕ್ಯಾಪ್ಟನ್ ಜೆ. ಟಿ. ಸ್ಮಿತ್ ವಿನ್ಯಾಸಗೊಳಿಸಿದ, ಸುಮಾರು 38 ಮೀಟರ್ ಎತ್ತರದ ಕಲ್ಲುಕಂಬದಲ್ಲಿ 1844ರಿಂದ ದೀಪ ಬೆಳಗಿತು. 1892ರಲ್ಲಿ ಅದರ ಪಕ್ಕದಲ್ಲೇ ಹೈಕೋರ್ಟ್ ಕಟ್ಟಡ ಮುಗಿದಾಗ ಅದರ ಗೋಪುರವೇ ಕಂಬವನ್ನು ಮೀರಿ ನಿಂತಿತು. 1894ರಲ್ಲಿ ದೀಪವನ್ನು ಅಲ್ಲಿಗೇ ಏರಿಸಿದರು. ಹೊಸ ಸ್ತಂಭ ಕಟ್ಟುವ ಖರ್ಚೂ ಉಳಿದಿರಬೇಕು. ಈಗಿನ ದೀಪ ಮರೀನಾ ಕಡಲತೀರದ ತ್ರಿಕೋನಾಕಾರದ ಗೋಪುರದಲ್ಲಿದೆ.

ಪ್ರತಿಫಲಕ:
ಎತ್ತರದ ಲೆಕ್ಕವನ್ನು ಸೇರಿಸುತ್ತೇನೆ. ಭೂಮಿಯ ವಕ್ರತೆಯಿಂದಾಗಿ 38 ಮೀಟರ್ ಎತ್ತರದ ದೀಪವು ನೀರಿನ ಮಟ್ಟದಲ್ಲಿರುವ ಕಣ್ಣಿಗೆ ಸುಮಾರು 13 ನಾಟಿಕಲ್ ಮೈಲಿಯವರೆಗೆ ಮಾತ್ರ ಕಾಣುತ್ತದೆ. ಆ ದೂರವನ್ನು ಇಮ್ಮಡಿಗೊಳಿಸಲು ಎತ್ತರವನ್ನು ನಾಲ್ಕು ಪಟ್ಟು ಮಾಡಬೇಕು. ಆದರೂ ನನ್ನ ದೃಷ್ಟಿಯಲ್ಲಿ ಗೋಪುರಕ್ಕಿಂತ ಕುತೂಹಲಕರವಾದದ್ದು ಹಳೆಯ ಕಂಬವೇ. ದೀಪ ಮಿನುಗಬೇಕಾದರೆ ಅದನ್ನು ಹೊತ್ತ ಚೌಕಟ್ಟು ತಿರುಗಬೇಕು, ಆದರೆ ಪೂರ್ವಕ್ಕೆ ಮಾತ್ರ ಕಡಲಿರುವ ಮದ್ರಾಸಿನಲ್ಲಿ ಪೂರ್ತಿ ಸುತ್ತು ತಿರುಗಿಸಿದರೆ ಅರ್ಧ ಬೆಳಕು ಊರಿನ ಮೇಲೆ ಬಿದ್ದು ವ್ಯರ್ಥವಾಗುತ್ತದೆ. ಆದ್ದರಿಂದ ಸ್ಮಿತ್ ದೀಪಗಳನ್ನೂ ಅವುಗಳ ಹಿಂದಿನ ಪ್ರತಿಫಲಕಗಳನ್ನೂ ಕಡಲಿನ ಕಡೆಗೇ ಮುಖ ಮಾಡಿಸಿ, ತೊಟ್ಟಿಲಿನಂತೆ ಅತ್ತಿಂದಿತ್ತ ಆಡುವಂತೆ ಮಾಡಿದರು.

ಕಡಲಂಚು:
ಉತ್ತರಗಳಿಗೆ ಧನ್ಯವಾದಗಳು. ಹಾಗೆ ಹಿಂದೆ ಮುಂದೆ ಆಡುವ ದೀಪದ ಮಿನುಗು ಎಲ್ಲ ಹಡಗುಗಳಿಗೂ ಒಂದೇ ಅಂತರದಲ್ಲಿ ಕಾಣುತ್ತದೆಯೇ?

ಪ್ರತಿಫಲಕ:
ಇಲ್ಲ, ಈ ವಿಧಾನದ ಕೊರತೆಯೇ ಅದು. ನೇರ ಎದುರಿಗಿರುವ ಹಡಗಿಗೆ ಮಿನುಗುಗಳು ಸಮಾನ ಅಂತರದಲ್ಲಿ ಕಾಣುತ್ತವೆ. ಉತ್ತರದ ಅಥವಾ ದಕ್ಷಿಣದ ಅಂಚಿನಲ್ಲಿರುವ ಹಡಗಿಗೆ, ಬೆಳಕು ಅಲ್ಲಿಗೆ ಬಂದು ಕೂಡಲೇ ಹಿಂದಿರುಗುವುದರಿಂದ, ಎರಡು ಮಿನುಗುಗಳು ಒತ್ತೊತ್ತಾಗಿ ಕಂಡು, ಬಳಿಕ ದೀರ್ಘ ಕತ್ತಲೆ ಕವಿಯುತ್ತದೆ. ಮಿನುಗಿನ ಅಂತರದಿಂದಲೇ ದೀಪವನ್ನು ಗುರುತಿಸುವ ನಾವಿಕನಿಗೆ ಇದು ಸಣ್ಣ ತೊಡಕಲ್ಲ.