ಬಾವಿ 9, ಜೋನ್ 14: ಹೀಗೆ ಮಾಡಬಹುದಾ?

ಕೆರೆಏರಿ: ಎಂ.ಟೆಕ್ ಪ್ರಾಜೆಕ್ಟ್‌ಗೆ ಕೋಲಾರದ ಹತ್ತಿರ ಒಂದು ಕೆರೆಯ ಸುತ್ತ ಮಾಡ್‌ಫ್ಲೋ 6 ಸಾಫ್ಟ್‌ವೇರ್‌ನಲ್ಲಿ ಅಂತರ್ಜಲ ಮಾಡೆಲ್ ಕಟ್ಟುತ್ತಿದ್ದೇನೆ. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಈ ಕೆರೆಗೂ ಬರುತ್ತದೆ, ಅದರಲ್ಲಿ ಎಷ್ಟು ಕೆಳಗೆ ಇಳಿಯುತ್ತದೆ ಅಂತ ತಿಳಿಯಬೇಕು. ಕಲ್ಲಿನ ನಕ್ಷೆ ನೋಡಿ ಜಾಗವನ್ನು 14 ಜೋನ್ ಮಾಡಿದೆ, ಒಂದೊಂದು ಜೋನ್‌ಗೂ ಒಂದೊಂದು ಕೆ (ಕಲ್ಲು ಎಷ್ಟು ಸಲೀಸಾಗಿ ನೀರು ಹರಿಯಗೊಡುತ್ತದೆ ಅನ್ನುವ ಅಳತೆ). ಮಟ್ಟ ಅಳೆದಿರುವ ಬಾವಿ 9. ಅಳೆದ ಮಟ್ಟಕ್ಕೆ ಹೊಂದುವ ಕೆ ಹುಡುಕಿಕೊಡುವ ಪೆಸ್ಟ್ ಪ್ರೋಗ್ರಾಂ ಓಡಿಸಿದರೆ ಒಂದು ಜೋನ್‌ನ ಕೆ ದಿನಕ್ಕೆ 0.001 ಮೀಟರ್, ಪಕ್ಕದ್ದು 60! ಆದರೆ ಮಟ್ಟಗಳೆಲ್ಲ ಚೆನ್ನಾಗಿ ಹೊಂದಿವೆ. ಹೀಗೇ ಬಿಡಲಾ?

ಬಂಡೆಕಲ್ಲು: ದಯವಿಟ್ಟು ಬಿಡಬೇಡಿ. ದಿನಕ್ಕೆ 60 ಮೀಟರ್ ಅನ್ನೋದು ಹೊಳೆ ಮರಳಿನ ಲೆಕ್ಕ, ನಮ್ಮ ಗ್ನೈಸ್ ಕಲ್ಲಿನದಲ್ಲ. ಬಾವಿಗಿಂತ ಜೋನ್ ಜಾಸ್ತಿ ಇದ್ದರೆ ಪೆಸ್ಟ್ ಏನಾದರೂ ಹಾಕಿ ಮಟ್ಟ ಹೊಂದಿಸಿಬಿಡುತ್ತದೆ. 4 ಜೋನ್ ಸಾಕು. ಅದಕ್ಕೂ ಮೊದಲು ಪದರ ಸರಿ ಮಾಡಿ: ಮೇಲೆ ಶಿಥಿಲ ಕಲ್ಲು, ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು, ಆಮೇಲೆ ಗಟ್ಟಿ ಬಂಡೆ.

ಪೈಲಟ್‌ಪಾಯಿಂಟ್: ಜೋನ್ ಯಾಕೆ ಬೇಕು? ಅಲ್ಲಲ್ಲಿ ಪೈಲಟ್ ಪಾಯಿಂಟ್ (ಕೆ ಹುಡುಕುವ ಬಿಂದುಗಳು, ನಡುವಿನ ಕೆ ಅವುಗಳಿಂದಲೇ ಲೆಕ್ಕ) ಇಟ್ಟು ರೆಗ್ಯುಲರೈಸೇಶನ್ (ಕೆ ವಿಪರೀತ ಏರಿಳಿಯದಂತೆ ಕಡಿವಾಣ) ಕೊಡಿ, ಕೆ ಜಾಗದಿಂದ ಜಾಗಕ್ಕೆ ನಿಧಾನವಾಗಿ ಬದಲಾಗುತ್ತದೆ. ನೆಲದೊಳಗೆ ಯಾರೂ ಗೆರೆ ಎಳೆದಿಲ್ಲ ಅಲ್ವಾ.

ಬಂಡೆಕಲ್ಲು: ಎಳೆದಿದೆ ಸರ್. ಡೈಕ್ (ಕಲ್ಲನ್ನು ಸೀಳಿ ಗೋಡೆಯಂತೆ ನಿಂತ ಬೇರೆ ಕಲ್ಲು) ಅಡ್ಡ ಬಂದಿದ್ದರೆ ಅದರ ಆಚೆ ಈಚೆ ನೀರಿನ ಮಟ್ಟವೇ ಬೇರೆ ಇರಬಹುದು. ಪಾಯಿಂಟ್ ಮಾತ್ರ ಇಟ್ಟರೆ ಆ ಗೋಡೆ ಕರಗಿಹೋಗುತ್ತದೆ. ಡೈಕ್‌ಗೆ ಬೇರೆ ಜೋನ್ ಕೊಟ್ಟು ಉಳಿದ ಕಡೆ ಪಾಯಿಂಟ್ ಇಡಿ ಅಂದರೆ ಒಪ್ಪುತ್ತೇನೆ.

ಬಾವಿಗೌಡ: 20 ವರ್ಷ ಬೋರ್‌ವೆಲ್ ಲಾರಿಯಲ್ಲಿ ದುಡಿದವನು ನಾನು. ಗಟ್ಟಿ ಕಲ್ಲು ಸಿಗುವ ತನಕ ಕೇಸಿಂಗ್ ಇಳಿಸುತ್ತೇವೆ, ಬಿಲ್ಲಿನಲ್ಲಿ ಎಷ್ಟು ಅಡಿ ಅಂತ ಬರೆದಿರುತ್ತೆ. ಒಂದು ಹೊಲದಲ್ಲಿ 40 ಅಡಿ ಹೋದರೆ ಪಕ್ಕದ ಹೊಲದಲ್ಲೇ 110 ಅಡಿ ಹೋಗಿದ್ದು ಕಣ್ಣಾರೆ ನೋಡಿದ್ದೇನೆ. ನೀವು ಹೇಳೋ ಶಿಥಿಲ ಕಲ್ಲಿನ ದಪ್ಪ ಹೆಚ್ಚುಕಮ್ಮಿ ಅದೇ. ರೈತರು ಬಿಲ್ ಎಸೆಯಲ್ಲ, ಹೋಗಿ ಕೇಳಿ.

ಪೈಲಟ್‌ಪಾಯಿಂಟ್: ಇದು ಒಳ್ಳೆ ಮಾತು ಅಣ್ಣಾ. ಆ ಪದರಕ್ಕೆ ಸ್ಪೆಸಿಫಿಕ್ ಯೀಲ್ಡ್ (ಕಲ್ಲು ಬಸಿದು ಕೊಡುವ ನೀರಿನ ಪಾಲು) ಕೂಡ ಪೆಸ್ಟ್ ಕೈಗೆ ಸುಮ್ನೆ ಬಿಟ್ಟುಕೊಡಬೇಡಿ. ಅಂತರ್ಜಲ ಅಂದಾಜು ಮಾಡುವ ಸರ್ಕಾರಿ ಸಮಿತಿಯ ವರದಿ ಜಿಇಸಿ 2015ರಲ್ಲಿ ಶಿಥಿಲ ಗ್ರಾನೈಟ್, ಗ್ನೈಸ್‌ಗೆ ಜೇಡಿ ಕಡಿಮೆ ಇದ್ದರೆ 3%, ಜಾಸ್ತಿ ಇದ್ದರೆ 1.5% ಅಂತ ಇದೆ. ಅದರ ಆಸುಪಾಸಿನಲ್ಲೇ ಇರಲಿ. ಮೇಲಿನ ಪದರ ಅಲ್ಲಲ್ಲಿ ಒಣಗುತ್ತೆ, ಆಗ ಲೆಕ್ಕ ಕೆಡದಂತೆ ಮಾಡ್‌ಫ್ಲೋದ ನ್ಯೂಟನ್ ಆಯ್ಕೆ ಹಾಕಿಕೊಳ್ಳಿ.

ಕೆರೆಏರಿ: ಎಲ್ಲಿಂದ ಎಲ್ಲಿಗೆ ಎಷ್ಟು ನೀರು ಹರಿಯಿತು ಅಂತ ಕೂಡುವ ಜೋನ್‌ಬಜೆಟ್ ಪ್ರೋಗ್ರಾಂಗೂ ಇದೇ ಜೋನ್ ಕೊಡಬೇಕಾ?

ಬಂಡೆಕಲ್ಲು: ಬೇಡ, ಎರಡೂ ಬೇರೆ. ಕೆ ಜೋನ್ ಬದಲಿಸಿದರೆ ಉತ್ತರವೇ ಬದಲಾಗುತ್ತದೆ. ಬಜೆಟ್ ಜೋನ್ ಬದಲಿಸಿದರೆ ಉತ್ತರ ಹಾಗೇ ಇರುತ್ತದೆ, ನೀರಿನ ಲೆಕ್ಕ ಕೂಡುವ ಗಡಿ ಮಾತ್ರ ಬದಲಾಗುತ್ತದೆ. ಕೆರೆ ಅಂಗಳದ ಅಡಿಯ ಸೆಲ್‌ಗಳಿಗೆ (ಮಾಡೆಲ್‌ನ ಚಿಕ್ಕ ಚೌಕಗಳಿಗೆ) 1, ಅಚ್ಚುಕಟ್ಟಿಗೆ 2, ಉಳಿದದ್ದಕ್ಕೆ 3 ಕೊಡಿ. 1ರಿಂದ 2ಕ್ಕೆ ಎಷ್ಟು ಹರಿಯಿತು ಅಂತ ನೇರವಾಗಿ ಸಿಗುತ್ತದೆ. ಯಾವುದಕ್ಕೂ 0 ಹಾಕಬೇಡಿ, 0 ಇದ್ದ ಕಡೆಗೆ ಬಜೆಟ್ ಬರಲ್ಲ.

ಕೆರೆಏರಿ: ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮದೇ ಎರಡು ಬೋರ್‌ವೆಲ್ ಬಿಲ್ ಬೀರುವಿನಲ್ಲಿವೆ. ಒಂದರಲ್ಲಿ ಕೇಸಿಂಗ್ 62 ಅಡಿ, ಇನ್ನೊಂದರಲ್ಲಿ 95. ಮಾಡೆಲ್‌ನಲ್ಲಿ ನಾನು ಎಲ್ಲ ಕಡೆ ಮೊದಲ ಪದರ 15 ಮೀಟರ್ (ಸುಮಾರು 49 ಅಡಿ) ಅಂತ ಕೊಟ್ಟಿದ್ದೇನೆ.