ಸಹಾಯ ಬೇಕು: ಚತುಶ್ರುತಿ ರಿಷಭ, ಶುದ್ಧ ಗಾಂಧಾರ ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಎರಡನೇ ವರ್ಷ. ಇತಿಹಾಸ, ಕನ್ನಡದ ಜೊತೆ ಕರ್ನಾಟಕ ಸಂಗೀತ ತಗೊಂಡಿದ್ದೇನೆ. ಹಾಡೋದಕ್ಕೆ ಭಯವಿಲ್ಲ, ಶಾಸ್ತ್ರದ ಪತ್ರಿಕೆಯಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

72 ಮೇಳಕರ್ತ (ಏಳೂ ಸ್ವರ ಇರುವ ಮೂಲ ರಾಗಗಳು) ಬಾಯಿಪಾಠ ಆಗಿದೆ. ಕಟಪಯಾದಿಯಿಂದ, ಅಂದರೆ ರಾಗದ ಹೆಸರಿನ ಅಕ್ಷರಗಳಿಂದ, ಅದರ ಸಂಖ್ಯೆ ತೆಗೆಯೋದೂ ಬರುತ್ತದೆ. ಆದರೆ ಸ್ವರಸ್ಥಾನ (ಸ್ವರ ನಿಲ್ಲುವ ಜಾಗ) 12, ಅವುಗಳಿಗೆ ಹೆಸರು 16! ಕೀಬೋರ್ಡಿನಲ್ಲಿ ಬಿಳಿ ಒಂದನ್ನು (C ಕೀ) ಸ ಮಾಡಿಕೊಂಡು ನುಡಿಸಿ ನೋಡಿದೆ. ಶಂಕರಾಭರಣ ರಾಗದ ರಿ (ಚತುಶ್ರುತಿ ರಿಷಭ), ಕನಕಾಂಗಿ ರಾಗದ ಗ (ಶುದ್ಧ ಗಾಂಧಾರ) ಎರಡೂ ಬಿಳಿ ಎರಡರ (D ಕೀ) ಮೇಲೇ ಬೀಳುತ್ತವೆ. ತಂಬೂರಿ ಹಾಕಿಕೊಂಡು ಹಾಡಿದರೆ ಮಾತ್ರ ಆ ಗ ಬೇರೆ ಥರ ಕೇಳಿಸುತ್ತದೆ, ಪಕ್ಕದ ಶುದ್ಧ ರಿಷಭಕ್ಕೆ ಒತ್ತಿಕೊಂಡು ನಿಂತ ಹಾಗೆ. ಮೇಷ್ಟ್ರನ್ನು ಕೇಳಿದರೆ "ವಿವಾದಿ ಅಂತ ಬರಿ, ಸಾಕು" ಅಂದರು (ವಿವಾದಿ ಅಂದರೆ ಒಂದಕ್ಕೊಂದು ಹೊಂದದ ಸ್ವರ). ನನಗೆ ಅಷ್ಟು ಸಾಕಾಗುತ್ತಿಲ್ಲ.

ಒಂದೇ ಸ್ಥಾನಕ್ಕೆ ಎರಡು ಹೆಸರು ಬರೀ ಸರಿಗಮ ಕ್ರಮ ತಪ್ಪದಿರಲಿ ಅಂತಲಾ, ಅಥವಾ ಹಾಡುವಾಗ ಶ್ರುತಿಯಲ್ಲೂ (ಸ್ವರದ ಎತ್ತರದಲ್ಲೂ) ವ್ಯತ್ಯಾಸ ತೋರಿಸಬೇಕಾ? ಗೊತ್ತಿರುವವರು ಒಂದು ಉದಾಹರಣೆ ಕೊಟ್ಟು ಹೇಳ್ತೀರಾ?